ಶ್ಯಾಮ ಹೆಗಡೆ ಮನೆ ಹತ್ತಿರ

ನೇರಲಹಕ್ಕಲಿನ ಶ್ಯಾಮ ಹೆಗಡೆ ಯಾರ ಮೇಲೂ ಸಂಶಯಪಟ್ಟವನಲ್ಲ. ಸಂಶಯಪಡಬೇಕಾದರೆ ವಿಷಯ ಅರ್ಧವಾದರೂ ಅರ್ಥವಾಗಿರಬೇಕು. ಹೆಗಡೆಗೆ ಆ ತೊಂದರೆ ಇರಲಿಲ್ಲ. ಸಾಗರದಿಂದ ಇಕ್ಕೇರಿ ಕಡೆಗೆ ಹೋಗುವಾಗ ಒಳಕ್ಕೆ ತಿರುಗಿದರೆ ಸಿಗುವ ಆ ಊರಿನಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಮನೆಯ ಮುಂದಿನ ಮಾಡಿನಡಿಯಲ್ಲೇ ಯಂತ್ರ. ಅಕ್ಕಿ ತಂದವರಿಗೆ ರಾಗಿ ಹಿಟ್ಟನ್ನೂ, ರಾಗಿ ತಂದವರಿಗೆ ಗೋಧಿ ಹಿಟ್ಟನ್ನೂ ಕೊಟ್ಟು ಕಳಿಸಿದ ದಿನಗಳು ಬೇಕಾದಷ್ಟಿವೆ. ಜನ ಮನೆಗೆ ಹೋಗಿ ಡಬ್ಬಿ ತೆರೆದು ನೋಡಿ ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುತ್ತಿದ್ದರು. ದೂರು ಗಿರಣಿಯವರೆಗೆ ಬರುತ್ತಿರಲಿಲ್ಲ. ಬಂದರೆ ಇನ್ನಷ್ಟು ಗೊಂದಲವಾಗುತ್ತದೆಂದು ಊರಿಗೆ ಅನುಭವವಿತ್ತು.

ಇಂಥ ಮನುಷ್ಯ ಸರ್ಕಾರದ ಖರ್ಚುವೆಚ್ಚದ ತಂಟೆಗೆ ಹೋದದ್ದು ರಂಗಮ್ಮನ ಕಾಲಿನ ದೆಸೆಯಿಂದ.

ಗಿರಣಿಯಿಂದ ಮೇಲಕ್ಕೆ ಗೇರುಗುಡ್ಡದ ಏರು ಹತ್ತಿದರೆ ಸಿಗುವುದು ರಂಗಮ್ಮನದೊಂದೇ ಮನೆ. ಆ ಏರೆಂದರೆ ಬರೀ ಕೊರಕಲು, ಉರುಟು ಕಲ್ಲು. ಅಲ್ಲಿ ಜಾರಿ ಬಿದ್ದು ರಂಗಮ್ಮ ತೊಡೆಯ ಮೂಳೆ ಮುರಿದುಕೊಂಡಳು. ಊರವರು ಪ್ಲಾಸ್ಟಿಕ್ ಕುರ್ಚಿಗೆ ಸೀರೆಯಿಂದ ಕಟ್ಟಿ ಹೊತ್ತು ಕೆಳಗಿಳಿಸಿದರು. ಆಪರೇಶನ್ ಮುಗಿಸಿ ಹೊಸನಗರದ ತಮ್ಮನ ಮನೆಗೆ ಹೋದವಳು ಅಲ್ಲಿಂದ ಒಂದೇ ಮಾತು ಹೇಳಿಕಳಿಸಿದಳು: ಬಾಗಿಲಿಗೆ ಆಟೋ ಬರುವ ದಿನ ಬರುತ್ತೇನೆ, ಇನ್ನೊಮ್ಮೆ ಜೀವ ಇರುವಾಗಲೇ ಹೊರಿಸಿಕೊಳ್ಳುವುದಿಲ್ಲ. ತಮಾಷೆಯೆಂದರೆ ಅವಳ ಮಗ ಕುಮಾರನದು ಸ್ವಂತ ಆಟೋ. ಅದೂ ಏರು ಹತ್ತಲಾರದೆ ದಿನಾ ಗಿರಣಿಯ ಮಗ್ಗುಲಲ್ಲಿ ನಿಲ್ಲುತ್ತಿತ್ತು.

"ಹೆಗ್ಡೇರೆ, ಈ ಏರಿಗೆ ಸರ್ಕಾರದ ದುಡ್ಡು ಬಂದೀತಾ?" ಎಂದು ಕುಮಾರ ಆಟೋ ನಿಲ್ಲಿಸುವಾಗೆಲ್ಲ ಕೇಳುತ್ತಿದ್ದ. "ಅಮ್ಮ ಅಲ್ಲಿ ಸರಿಯಾಗಿ ಉಣ್ತಾನೂ ಇಲ್ಲಂತೆ. ಕಿಟಕಿ ಹತ್ರ ಕೂತ್ಕಂಡು ನಮ್ಮನೆ ಕೋಳಿ ಲೆಕ್ಕ ಹಾಕ್ತಾಳಂತೆ."

ಆ ಸಮಯಕ್ಕೆ ಸರಿಯಾಗಿ ಸಾಗರದಲ್ಲಿ ಒಂದು ತರಬೇತಿ ನಡೆಯಿತು. ಮುಕ್ತ ದತ್ತಾಂಶ ಎಂದು ಅದರ ಹೆಸರು. ಸರ್ಕಾರ ಎಲ್ಲಿ ಎಷ್ಟು ಖರ್ಚು ಮಾಡಿತು ಎಂಬುದನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು ಎಂದು ಹೇಳಿಕೊಡುವ ತರಬೇತಿ. ಊರಿನ ಪರವಾಗಿ ಹೋಗಬೇಕಾಗಿದ್ದವನು ಕಿರಾಣಿ ಅಂಗಡಿ ವಾಸಪ್ಪ. ಅವನಿಗೆ ಯಾರದೋ ಗೃಹಪ್ರವೇಶವಿತ್ತು. "ಊಟಕ್ಕೆ ಹೋಳಿಗೆ ಇದೆಯಂತೆ ಹೆಗ್ಡೇರೆ" ಎಂದು ಹೇಳಿ ಶ್ಯಾಮ ಹೆಗಡೆಯನ್ನು ಕಳಿಸಿದ.

ತರಬೇತಿ ಕೊಟ್ಟವನು ತೀರ್ಥಹಳ್ಳಿ ಕಡೆಯ ಸುಘೋಷ ಎಂಬ ಉತ್ಸಾಹಿ ತರುಣ. "ಸರ್ಕಾರದ ಒಂದೊಂದು ರೂಪಾಯಿ ಎಲ್ಲಿ ಹೋಯ್ತು ಅನ್ನೋದು ಈಗ ನಿಮ್ಮ ಅಂಗೈಯಲ್ಲಿದೆ" ಎಂದು ಅವನು ಘೋಷಿಸಿದಾಗ ಹೆಗಡೆ ತನ್ನ ಅಂಗೈ ನೋಡಿಕೊಂಡ. ಗೆರೆಗಳ ಸಂದಿಯಲ್ಲಿ ಹಿಟ್ಟಿತ್ತು. ಊಟದ ನಂತರ ಎಲ್ಲರ ಕೊರಳಿಗೂ ಒಂದೊಂದು ನೀಲಿ ಪಟ್ಟಿ ಹಾಕಿದರು. ಅದರ ತುದಿಯ ಕಾರ್ಡಿನಲ್ಲಿ 'ದತ್ತಾಂಶ ಮಿತ್ರ' ಎಂದು ಬರೆದಿತ್ತು. ಆ ಪಟ್ಟಿ ಕೊರಳಿಗೆ ಬಿದ್ದ ಕ್ಷಣದಿಂದ ಹೆಗಡೆ ಮೊದಲಿನ ಹೆಗಡೆಯಾಗಿ ಉಳಿಯಲಿಲ್ಲ. ಬರುವಾಗ ಬಸ್ಸಿನ ಕಂಡಕ್ಟರು ಕಾರ್ಡು ನೋಡಿ ಚೆಕಿಂಗ್‌ನವರೆಂದು ತಿಳಿದು ಟಿಕೆಟ್ ಮೆಷಿನ್ನು ಹಿಡಿದು ಎದ್ದು ನಿಂತ. ಇದು ದತ್ತಾಂಶಕ್ಕೆ ಸಿಕ್ಕ ಮರ್ಯಾದೆ ಎಂದು ಹೆಗಡೆ ಗಂಭೀರವಾಗಿ ತಲೆಯಾಡಿಸಿದ.

ಮನೆಗೆ ಬಂದವನೇ ಮೊಬೈಲಿನಲ್ಲಿ ಪಂಚಾಯ್ತಿಯ ಕಾಮಗಾರಿಗಳನ್ನು ತೆರೆದು 'ಗೇರುಗುಡ್ಡ' ಎಂದು ಹುಡುಕಿದ. ಏನೂ ಸಿಗಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೊರಳಲ್ಲಿ ಪಟ್ಟಿ ಇದೆಯಲ್ಲ! ಕುಮಾರನನ್ನು ಸಾಗರಕ್ಕೆ ಅಟ್ಟಿ, ಊರಿನ ಇಷ್ಟೂ ವರ್ಷದ ಕಾಮಗಾರಿಗಳ ಪಟ್ಟಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತರಿಸಿದ. ಮೈದಾ ಅಂಟು ಕುದಿಸಿ ಗಿರಣಿಯ ಹೊರಗೋಡೆಗೆ ಸಾಲಾಗಿ ಅಂಟಿಸಿದ. ಮೇಲೆ ಕೆಂಪು ಇಂಕಿನಲ್ಲಿ ತಾನೇ ಬರೆದ: 'ನಿಮ್ಮ ಹಣ ಎಲ್ಲಿ ಹೋಯಿತು? ನೀವೇ ಓದಿ ನೋಡಿ.' ತಾನು ಮಾತ್ರ ಓದಿ ನೋಡಿರಲಿಲ್ಲ. ಅಕ್ಷರ ಸಣ್ಣದಿತ್ತು, ಕನ್ನಡಕ ಒಳಗಿತ್ತು.

ಮೊದಲು ಓದಿದವನು ವಾಸಪ್ಪ. ಗೋಧಿ ಬೀಸಿಸಲು ಬಂದವನು ಗೋಡೆಗೆ ಮೂಗು ತಾಗಿಸಿ ದೊಡ್ಡ ದನಿಯಲ್ಲಿ ಶುರುಮಾಡಿದ. ಅವನಿಗೆ ಮನಸ್ಸಿನಲ್ಲೇ ಓದುವ ಅಭ್ಯಾಸವಿಲ್ಲ.

"ಶ್ಯಾಮ ಹೆಗಡೆ ಮನೆ ಹತ್ತಿರ ಚರಂಡಿ. ಶ್ಯಾಮ ಹೆಗಡೆ ಮನೆ ಹತ್ತಿರ ಬೀದಿದೀಪ. ಶ್ಯಾಮ ಹೆಗಡೆ ಮನೆ ಹತ್ತಿರ ಚರಂಡಿ, ಮುಂದುವರಿದ ಕಾಮಗಾರಿ. ಶ್ಯಾಮ ಹೆಗಡೆ ಮನೆಯಿಂದ ಮುಂದಕ್ಕೆ ಕಾಂಕ್ರೀಟ್ ರಸ್ತೆ. ಶ್ಯಾಮ ಹೆಗಡೆ ಮನೆ ಬಳಿ ಮೋರಿ. ಶ್ಯಾಮ ಹೆಗಡೆ ಮನೆಯಿಂದ ಮುಂದಕ್ಕೆ..."

ಗಿರಣಿಯ ಸದ್ದು ನಿಂತಿತು. ಹೆಗಡೆಯೇ ಸ್ವಿಚ್ಚು ಆರಿಸಿದ್ದ. ತನ್ನ ಹೆಸರನ್ನು ಅಷ್ಟು ಸಲ, ಅಷ್ಟು ಮರ್ಯಾದೆಯಿಂದ, ಸರ್ಕಾರದ ಬಾಯಲ್ಲಿ ಅವನು ಎಂದೂ ಕೇಳಿರಲಿಲ್ಲ. ಒಂದು ಕ್ಷಣ ಅವನ ಎದೆ ಉಬ್ಬಿತು. ತನ್ನ ಅಪ್ಪ ಬದುಕಿದ್ದು ಇದನ್ನು ಕೇಳಬೇಕಿತ್ತು ಎಂದೂ ಅನ್ನಿಸಿತು.

ವಾಸಪ್ಪ ಹಾಳೆಯ ಕೊನೆ ಮುಟ್ಟಿ, ನಿಧಾನವಾಗಿ ಮೇಲಿನ ಕೆಂಪು ಅಕ್ಷರ ನೋಡಿದ. "ನಿಮ್ಮ ಹಣ ಎಲ್ಲಿ ಹೋಯಿತು," ಎಂದು ಓದಿದ. ಆಮೇಲೆ ಹೆಗಡೆಯ ಮುಖ ನೋಡಿದ. ಸುತ್ತ ಚೀಲ ಹಿಡಿದು ನಿಂತವರೆಲ್ಲ ಹೆಗಡೆಯ ಮುಖ ನೋಡಿದರು.

"ಅಲ್ಲ ಹೆಗ್ಡೇರೆ," ವಾಸಪ್ಪ ಕೊನೆಗೆ ಕೇಳಿದ, "ಒಬ್ಬ ಮನುಷ್ಯಂಗೆ ಎಷ್ಟು ಚರಂಡಿ ಬೇಕು?"

"ನಂಗೆಂತ ಗೊತ್ತು ಮಾರಾಯ?" ಎಂದ ಹೆಗಡೆ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಆದರೆ ಆ ಮಾತನ್ನು ಅವನು ಹೇಳಿದ ರೀತಿ ಹೇಗಿತ್ತೆಂದರೆ, ಜನಕ್ಕೆ ಇದ್ದ ಅಲ್ಪಸ್ವಲ್ಪ ಅನುಮಾನವೂ ಪರಿಹಾರವಾಗಿ, ಇವನೇ ನುಂಗಿದ್ದಾನೆಂಬ ನಂಬಿಕೆ ಗಟ್ಟಿಯಾಯಿತು.

ಸುದ್ದಿ ಮುಂಬಾಗಿಲಿನಿಂದ ಅಡುಗೆಮನೆಗೆ ಹೋಗುವುದಕ್ಕೆ ಎಷ್ಟು ಹೊತ್ತು? ಊಟಕ್ಕೆಂದು ಒಳಗೆ ಬಂದರೆ ಹೆಂಡತಿ ಮಹಾಲಕ್ಷ್ಮೀ ಬಡಿಸದೆ ನಿಂತಿದ್ದಳು. ಅಟ್ಟದ ಮೇಲಿನ ಡಬ್ಬಿಗಳೆಲ್ಲ ಕೆಳಗಿಳಿದು ಬಾಯಿ ತೆರೆದುಕೊಂಡಿದ್ದವು.

"ಎಲ್ಲಿ ಇಟ್ಟಿದ್ರಿ?"

"ಎಂತದು?"

"ಚರಂಡಿ ದುಡ್ಡು."

"ಅಯ್ಯೋ, ನಾ ಎಂತದೂ ನುಂಗಿದ್ನಿಲ್ಲೆ ಮಾರಾಯ್ತಿ! ಅದು ಹ್ಯಾಂಗೆ ಬಂತು ಹೇಳಿ ಯಂಗೇ ಗೊತ್ತಿಲ್ಲೆ."

"ನುಂಗಿದ್ದಕ್ಕೆ ಯಂಗೆ ಬೇಜಾರಿಲ್ಲೆ," ಎಂದಳು ಮಹಾಲಕ್ಷ್ಮೀ. ದನಿ ಒದ್ದೆಯಾಗಿತ್ತು. "ಇಷ್ಟು ವರ್ಷ ಒಟ್ಟಿಗೆ ಬದುಕಿ, ಯಂಗೆ ಒಂದು ಮಾತು ಹೇಳಿದ್ರಿಲ್ಲೆ. ಅದೇ ಬೇಜಾರು. ರಸ್ತೆ ನುಂಗಿದ ಮನೆಲಿ ಕುಕ್ಕರಿಗೆ ಒಂದು ಹೊಸ ಗ್ಯಾಸ್ಕೆಟ್ ಇಲ್ಲೆ!"

ಹೆಗಡೆ ತಣ್ಣಗಿನ ಅನ್ನವನ್ನು ತಾನೇ ಬಡಿಸಿಕೊಂಡು ಉಂಡ. ಉಣ್ಣುತ್ತ ಒಂದು ಉಪಾಯ ಹೊಳೆಯಿತು. ಚರಂಡಿ ಇದೆಯಲ್ಲ, ಕಣ್ಣಿಗೆ ಕಾಣುತ್ತದಲ್ಲ, ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸಿದರೆ ಮುಗಿಯಿತು! ಹಣ ಚರಂಡಿಗೇ ಹೋಗಿದೆ, ತನ್ನ ಹೊಟ್ಟೆಗಲ್ಲ. ಉಪಾಯಗಳು ಅವನಿಗೆ ಹೊಳೆಯುವುದು ಅಪರೂಪ. ಹೊಳೆದಾಗೆಲ್ಲ ಊರಿಗೆ ಕಷ್ಟ.

ಸಂಜೆ ಊರಿನ ಮೆರವಣಿಗೆ ಹೊರಟಿತು. ಮುಂದೆ ಹೆಗಡೆ, ಕೊರಳಲ್ಲಿ ನೀಲಿ ಪಟ್ಟಿ, ಕೈಯಲ್ಲಿ ಗೋಡೆಯಿಂದ ಕಿತ್ತ ಹಾಳೆ. 'ಶ್ಯಾಮ ಹೆಗಡೆ ಮನೆ ಹತ್ತಿರ ಚರಂಡಿ' ಎಂಬುದನ್ನು ಹುಡುಕುತ್ತ ಹೋದರೆ ಅದು ವಾಸಪ್ಪನ ಅಂಗಡಿಯ ಮುಂದೆ ಸಿಕ್ಕಿತು. ಒಳ್ಳೆಯ ಚರಂಡಿ. ಮೇಲೆ ಚಪ್ಪಡಿ ಹಾಸಿತ್ತು, ಚಪ್ಪಡಿಯ ಮೇಲೆ ವಾಸಪ್ಪನ ಬೆಲ್ಲದ ಡಬ್ಬ ಕೂತಿತ್ತು.

"ನೋಡಿ! ಚರಂಡಿ ಇದೆ!" ಎಂದ ಹೆಗಡೆ ವಿಜಯದಿಂದ.

ವಾಸಪ್ಪನ ಮುಖ ಕಪ್ಪಾಯಿತು. "ಇದು ನನ್ನ ಅಂಗಡಿ ಚರಂಡಿ."

"ಹೌದು ಮತ್ತೆ."

"ನನ್ನ ಅಂಗಡಿ ಚರಂಡಿ ನಿಮ್ಮ ಹೆಸರಲ್ಲಿದೆ!"

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಸರ್ಕಾರದ ದಾಖಲೆಯಲ್ಲಿ ಒಬ್ಬರ ಹೆಸರು ಬಂತೆಂದರೆ ಆ ವಸ್ತು ಅವರದೇ. ಪಹಣಿಯಲ್ಲಿ ಹೆಸರಿದ್ದವನದು ಜಮೀನು, ಖಾತೆಯಲ್ಲಿ ಹೆಸರಿದ್ದವನದು ಮನೆ. ಇದಕ್ಕಾಗಿ ಅಣ್ಣತಮ್ಮಂದಿರು ಸಾಗರದ ಕೋರ್ಟಿನ ಮೆಟ್ಟಿಲು ಸವೆಸಿದ್ದಾರೆ. ಹಾಗಿರುವಾಗ ಚರಂಡಿಗೆ ಬೇರೆ ನ್ಯಾಯ ಎಲ್ಲಿಂದ ಬರಬೇಕು? ಹೆಗಡೆ ದುಡ್ಡು ನುಂಗಿದ್ದಾನೆ ಎಂಬ ಆರೋಪ ಅಲ್ಲಿಗೆ ಹಗುರವಾಗಿಬಿಟ್ಟಿತು. ಈಗ ಗೊತ್ತಾದದ್ದು ಅದಕ್ಕಿಂತ ದೊಡ್ಡದು. ಅವನು ಸದ್ದಿಲ್ಲದೆ ಅರ್ಧ ಊರನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ.

"ಖಾತೆ ಬದಲಾಯಿಸಿ ಕೊಡಿ," ಎಂದ ವಾಸಪ್ಪ. "ನಾಳೆ ನನ್ನ ಮಕ್ಕಳ ಕಾಲಕ್ಕೆ ತಕರಾರು ಬರಬಾರ್ದು."

"ಕೊಡ್ತೀನಿ ಮಾರಾಯ, ಬೇಕಾದ್ರೆ ಈಗ್ಲೇ ತಗಂಡು ಹೋಗು," ಎಂದ ಹೆಗಡೆ. ಕೊಡುತ್ತೇನೆ ಎಂದಮೇಲೆ ಅದು ತನ್ನದೇ ಎಂದು ಒಪ್ಪಿಕೊಂಡ ಹಾಗಾಯಿತು ಎಂಬುದು ಅವನ ತಲೆಗೆ ಹೋಗಲಿಲ್ಲ. ಉಳಿದ ಎಲ್ಲರ ತಲೆಗೂ ಹೋಯಿತು.

ಮರುದಿನದಿಂದ ಗಿರಣಿಗೆ ಹಿಟ್ಟಿಗೆ ಬರುವವರು ಕಡಿಮೆಯಾಗಿ ದೂರಿಗೆ ಬರುವವರು ಹೆಚ್ಚಾದರು. "ಹೆಗ್ಡೇರೆ, ನಿಮ್ಮ ಬಲ್ಬು ಹೋಗಿದೆ." "ನಿಮ್ಮ ಮೋರಿಲಿ ನಮ್ಮ ಕರು ಕಾಲು ಸಿಕ್ಕಿಸ್ಕಂಡಿದೆ, ಬಂದು ಬಿಡಿಸಿ." ಕುಮಾರನಂಥ ಕುಮಾರನೂ ಆಟೋ ನಿಲ್ಲಿಸಿ ತಲೆ ಕೆರೆದುಕೊಂಡ. "ರಸ್ತೆ ನಿಮ್ದು ಅಂತಾರೆ. ನಾನು ಇಷ್ಟು ದಿನ ಕೇಳದೇ ಓಡಾಡಿದ್ದಕ್ಕೆ ಬೇಜಾರು ಮಾಡ್ಕಬೇಡಿ."

ಹೆಗಡೆ ಮೊದಮೊದಲು ವಾದಿಸಿದ. ಆಮೇಲೆ ಅವನಿಗೇ ಅನುಮಾನ ಬಂತು. ಇಷ್ಟು ಜನ ಹೇಳುವಾಗ, ಸರ್ಕಾರವೂ ಬರೆದಿರುವಾಗ, ತನ್ನದೇ ಇದ್ದರೂ ಇರಬಹುದು. ಅಪ್ಪ ಸಾಯುವಾಗ ಹೇಳಲು ಮರೆತಿರಬಹುದು. ಒಂದು ಬೆಳಿಗ್ಗೆ ಮಹಾಲಕ್ಷ್ಮೀ ಅಂಗಳಕ್ಕೆ ಬಂದು ನೋಡಿದರೆ ಗಂಡ ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು, ವಾಸಪ್ಪನ ಅಂಗಡಿ ಮುಂದಿನ ಚರಂಡಿಯ ಕೆಸರು ತೆಗೆಯುತ್ತಿದ್ದ. ವಾಸಪ್ಪ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, "ಆ ಮೂಲೆಲೂ ಸ್ವಲ್ಪ" ಎಂದು ತೋರಿಸುತ್ತಿದ್ದ.

ಇದೇ ಹೊತ್ತಿಗೆ ತೀರ್ಥಹಳ್ಳಿಯಿಂದ ಬಸ್ಸಿಳಿದು ಪ್ರದೀಪ ಬಂದ. ಪ್ರದೀಪನೆಂದರೆ ಮಹಾಲಕ್ಷ್ಮಿಯ ತಮ್ಮ. ಅಲ್ಲಿ ಅಡುಗೆ ಕಾಂಟ್ರಾಕ್ಟು ಮಾಡಿಕೊಂಡಿರುವವನು. ಅವನೂ ಮೊಬೈಲಿನಲ್ಲಿ ಎಲ್ಲವನ್ನೂ ನೋಡಿಕೊಂಡೇ ಬಂದಿದ್ದ. ದತ್ತಾಂಶ ಮುಕ್ತವಾಗಿದೆಯಲ್ಲ, ಅದು ನೆಂಟರಿಗೂ ಮುಕ್ತವೇ.

"ಭಾವ, ನಿಂಗೊ ಕಾಂಟ್ರಾಕ್ಟ್ ಹಿಡ್ದಿದ್ದು ಎಂಗಳಿಗೆ ಒಂದು ಮಾತು ಹೇಳಿದ್ರಿಲ್ಲೆ," ಎಂದು ಪ್ರದೀಪ ಕಾಫಿ ಕುಡಿಯುತ್ತ ಶುರುಮಾಡಿದ. "ಇರ್ಲಿ. ಯಂಗೆ ಒಂದು ದೊಡ್ಡ ಗ್ರೈಂಡರ್ ತಗಳವು ಹೇಳಿ ಇದ್ದು. ನಿಂಗಳಿಗೆ ಅದೆಂತ ದೊಡ್ಡ ವಿಷ್ಯ? ಒಂದು ಮೋರಿ ಲೆಕ್ಕ."

"ಯನ್ನ ಹತ್ರ ಗುದ್ದಲಿ ಬಿಟ್ರೆ ಎಂತದೂ ಇಲ್ಲೆ ಪ್ರದೀಪ," ಎಂದ ಹೆಗಡೆ. ಮೊಣಕಾಲಿನವರೆಗೆ ಕೆಸರು ಮೆತ್ತಿತ್ತು.

ಪ್ರದೀಪ ಅಕ್ಕನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆದೂಗಿದ. "ನೋಡೇ ಅಕ್ಕ. ಕೂಲಿಯವ್ಕೆ ಕೊಡ ದುಡ್ಡನ್ನೂ ಉಳಿಸ್ತಾ ಇದ್ದ."

ಅಂದು ಹೆಗಡೆಗೆ ನಿಜವಾಗಿ ದುಃಖವಾಯಿತು. ಅವನು ದಡ್ಡನಿರಬಹುದು, ಅಕ್ಕಿಗೆ ರಾಗಿ ಕೊಟ್ಟಿರಬಹುದು. ಆದರೆ ಯಾರ ಡಬ್ಬಿಯಿಂದಲೂ ಒಂದು ಹಿಡಿ ಹಿಟ್ಟು ತೆಗೆದವನಲ್ಲ. ಊರಿನಲ್ಲಿ ಅವನಿಗಿದ್ದ ಆಸ್ತಿ ಅದೊಂದೇ ಹೆಸರು. ಈಗ ಅದೇ ಹೆಸರು ಗೋಡೆಯ ಮೇಲೆ ಕೂತು ಅವನನ್ನು ಹಂಗಿಸುತ್ತಿತ್ತು. ಈ ಹೆಸರನ್ನು ಸರ್ಕಾರದಿಂದ ಬಿಡಿಸಿಕೊಂಡು ಬರಬೇಕೆಂದು ನಿಶ್ಚಯಿಸಿ ಪಂಚಾಯ್ತಿ ಆಫೀಸಿಗೆ ಹೊರಟ.

ಅಲ್ಲಿ ಪಿಡಿಒ ಮಂಜುನಾಥ ಒಂದು ಕೈಯಲ್ಲಿ ಬಿಪಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಕೂತಿದ್ದರು. ಹೆಗಡೆಯ ಕೊರಳಿನ ಪಟ್ಟಿ ನೋಡಿ ಎರಡು ಮಾತ್ರೆ ನುಂಗಿದರು.

"ಸಾರ್, ನಿಮ್ಮ ಪಟ್ಟಿಯಿಂದ ನನ್ನ ಹೆಸರು ತೆಗೀರಿ. ಚರಂಡಿ, ರಸ್ತೆ, ಲೈಟು ಎಲ್ಲ ನೀವೇ ಇಟ್ಕಳಿ. ನಾನು ಬರ್ದು ಕೊಡ್ತೀನಿ."

ಮಂಜುನಾಥರಿಗೆ ವಿಷಯ ತಿಳಿಯಲು ಬಹಳ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವರು ನಗಲಿಲ್ಲ. ನಗುವ ಶಕ್ತಿಯನ್ನು ಅವರು ಹಿಂದಿನ ಪಂಚಾಯ್ತಿಯಲ್ಲೇ ಕಳೆದುಕೊಂಡು ಬಂದಿದ್ದರು.

"ನೋಡಿ ಸ್ವಾಮಿ, ನಿಮ್ಮೂರಲ್ಲಿ ಬೀದಿಗೆ ಹೆಸರಿಲ್ಲ. ಗುಡ್ಡಕ್ಕೊಂದು ಮನೆ, ಹಳ್ಳಕ್ಕೊಂದು ಮನೆ. ಇಂಜಿನಿಯರ್ ಬಂದು ದಾರಿ ಕೇಳಿದ್ರೆ ಎಲ್ರೂ ನಿಮ್ಮ ಗಿರಣಿ ಹೇಳ್ತಾರೆ. ಅವರು ಅದನ್ನೇ ಬರ್ಕೊಂಡು ಹೋಗ್ತಾರೆ. ಇಡೀ ಮಲೆನಾಡಲ್ಲಿ ಹೀಗೇ. ಅದು ಬರೀ ಗುರುತು."

"ಅಂದ್ರೆ ನಾನು ಆಲದ ಮರ ಇದ್ದಂಗೆ?"

"ಆಲದ ಮರ ಆಗಿದ್ರೆ ಆಫೀಸಿಗೆ ಬರ್ತಿರಲಿಲ್ಲ."

ಹೆಗಡೆ ಕಾಮಗಾರಿಗಳ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಪೂರ್ತಿ ಸಮಾಧಾನವಾಗಿರಲಿಲ್ಲ. "ಹಂಗಾದ್ರೆ ಇಲ್ಲಿ 'ಶ್ಯಾಮ ಹೆಗಡೆ ಮನೆಯಿಂದ ಮುಂದಕ್ಕೆ ರಸ್ತೆ' ಅಂತ ವರ್ಷ ವರ್ಷ ಬರ್ದಿದೀರಿ. ಮುಂದಕ್ಕೆ ಅಂದ್ರೆ ಎತ್ತ ಸಾರ್? ನನ್ನ ಮನೆ ಮುಂದೆ ಮೂರು ದಾರಿ ಇದೆ. ಒಂದು ಅಂಗಡಿ ಕಡೆ, ಒಂದು ಕೆರೆ ಕಡೆ, ಒಂದು ಗೇರುಗುಡ್ಡದ ಏರು."

ಮಂಜುನಾಥ ಮಾತ್ರೆಯ ಡಬ್ಬಿ ಮುಚ್ಚಿದರು. ಹಳೆಯ ಫೈಲು ತರಿಸಿದರು. ಒಂದು ವರ್ಷ ಅಂಗಡಿಯ ಕಡೆ ಮುಂದಕ್ಕೆ ಹೋಗಿತ್ತು, ಒಂದು ವರ್ಷ ಕೆರೆಯ ಕಡೆ, ಮತ್ತೆ ಅಂಗಡಿಯ ಕಡೆ, ಮತ್ತೆ ಕೆರೆಯ ಕಡೆ. ಗುಡ್ಡದ ಕಡೆ ಯಾರೂ ಹೋಗಿರಲಿಲ್ಲ. ಮುಂದಕ್ಕೆ, ಮುಂದಕ್ಕೆ ಎಂದು ಇಷ್ಟು ಸಲ ಬರೆದಿರುವುದನ್ನು ನೋಡಿ, ಗುಡ್ಡದ ಮೇಲಿನ ಮನೆಗೆ ರಸ್ತೆ ಯಾವತ್ತೋ ಮುಟ್ಟಿದೆ ಎಂದೇ ಆಫೀಸು ತಿಳಿದಿತ್ತು. ಯಾರೂ ಒಂದು ಪೈಸೆ ತಿಂದಿರಲಿಲ್ಲ. ರಂಗಮ್ಮನ ರಸ್ತೆ ಒಂದು ಶಬ್ದದ ಒಳಗೆ ಸಿಕ್ಕಿಕೊಂಡು ಕಾಣದೆ ಹೋಗಿತ್ತು, ಅಷ್ಟೆ.

"ಇದನ್ನ ನೀವೊಬ್ರೇ ನೋಡಿದ್ದು," ಎಂದರು ಮಂಜುನಾಥ.

"ಎಂತ ನೋಡಿದೆ ನಾನು?" ಎಂದ ಹೆಗಡೆ ಗಾಬರಿಯಿಂದ.

ಮುಂದಿನ ಗ್ರಾಮಸಭೆಯಲ್ಲಿ ಗೇರುಗುಡ್ಡದ ಏರಿಗೆ ಕಾಂಕ್ರೀಟ್ ಹಾಕುವುದೆಂದು ಒಂದೇ ಉಸಿರಿನಲ್ಲಿ ತೀರ್ಮಾನವಾಯಿತು. ಗಲಾಟೆ ಆದದ್ದು ಆ ಕಾಮಗಾರಿಯ ಹೆಸರಿಗೆ. ಹೆಗಡೆ ಎದ್ದು ನಿಂತು, "ಎಲ್ಲಿ ಬೇಕಾದ್ರೂ ಹಾಕಿ, ನನ್ನ ಹೆಸರು ಮಾತ್ರ ಬರೀಬೇಡಿ" ಎಂದ. ವಾಸಪ್ಪ ಕೂಡಲೇ, "ನನ್ನ ಅಂಗಡಿ ಹೆಸರು ಬರೀರಿ, ನಾನೇನೂ ಬೇಜಾರು ಮಾಡ್ಕಳಲ್ಲ" ಎಂದ. ಅವನ ಹೆಸರು ಬರೆದರೆ ನಮ್ಮ ಹೆಸರು ಯಾಕಿಲ್ಲ ಎಂದು ಕೆರೆ ಕಡೆಯವರು ಎದ್ದರು. ಹಿಂದಿನ ಸಾಲಿನಿಂದ ಒಬ್ಬರು ತಮ್ಮ ತೀರಿಹೋದ ತಾಯಿಯ ಹೆಸರು ಹಾಕಬಹುದೇ ಎಂದು ವಿಚಾರಿಸಿದರು. ಮಂಜುನಾಥ ಮೇಜು ಕುಟ್ಟಿ ಕುಟ್ಟಿ ಕೊನೆಗೆ ಕೂಗಿದರು: "ಯಾರ ಹೆಸರೂ ಬೇಡ! ಊರಿನ ಹೆಸರೂ ಬೇಡ, ಗುಡ್ಡದ ಹೆಸರೂ ಬೇಡ! ಇನ್ಮೇಲೆ ಜಿಪಿಎಸ್ ನಂಬರ್ ಮಾತ್ರ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರಿಗೂ ಅರ್ಥವಾಗದ ಪಟ್ಟಿಯ ಬಗ್ಗೆ ಯಾರಿಗೂ ಅಸೂಯೆ ಇರುವುದಿಲ್ಲ. ಹೊಸ ಕ್ರಿಯಾಯೋಜನೆ ಮೊಬೈಲಿನಲ್ಲಿ ಬಂದಾಗ ಅದರ ತುಂಬ ಅಂಕಿಗಳು, ನಡುವೆ ಚುಕ್ಕಿಗಳು. ಹೆಗಡೆ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಹುಡುಕಿದ. ಶ್ಯಾಮನೂ ಇಲ್ಲ, ಹೆಗಡೆಯೂ ಇಲ್ಲ. ಅವನು ನೆಮ್ಮದಿಯಿಂದ ಮಲಗಿದ. ಗಿರಣಿಗೆ ಜನ ಮರಳಿದರು, ಮಹಾಲಕ್ಷ್ಮೀ ಬಿಸಿ ಅನ್ನ ಬಡಿಸಿದಳು, ಚರಂಡಿ ತನ್ನಷ್ಟಕ್ಕೆ ಕಟ್ಟಿಕೊಂಡಿತು.

ಮಾರ್ಚ್ ತಿಂಗಳ ಕೊನೆಯಲ್ಲಿ ಒಂದು ದಿನ ಜಲ್ಲಿ ತುಂಬಿದ ಟಿಪ್ಪರು, ಅದರ ಹಿಂದೆ ಸಿಮೆಂಟು ಕಲಸುವ ಮಿಕ್ಸರು, ಅದರ ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಕಾಂಟ್ರಾಕ್ಟರಿನ ಸೂಪರ್‌ವೈಸರು ಊರಿಗೆ ಬಂದರು. ಗಿರಣಿಯ ಮುಂದೆ, ಮೂರು ದಾರಿ ಸೇರುವಲ್ಲಿ ನಿಂತು ಸೂಪರ್‌ವೈಸರು ಮೊಬೈಲು ತೆಗೆದ. ನಂಬರು ಒತ್ತಿದ. ಮುಖ ಸಪ್ಪಗಾಯಿತು.

"ಇದೇನ್ರೀ, ಲಿಂಗನಮಕ್ಕಿ ಹಿನ್ನೀರಿನ ಮಧ್ಯ ತೋರಿಸ್ತಿದೆ?"

ಟೈಪು ಮಾಡುವಾಗ ಯಾರೋ ಒಂದು ಅಂಕಿ ತಪ್ಪಿಸಿದ್ದರು. ಜನ ಸೇರಿದರು, ಎಲ್ಲರೂ ತಮ್ಮತಮ್ಮ ಮೊಬೈಲು ತೆಗೆದು ತಮಗೆ ತೋಚಿದ ಅಂಕಿ ಹಾಕಿ ನೋಡಿದರು. ಕೆರೆ ಕಡೆಯವರಿಗೆ ಅದು ಕೆರೆ ಕಡೆ ತೋರಿಸಿತು. ವಾಸಪ್ಪನಿಗೆ ಸರಿಯಾಗಿ ಅವನ ಅಂಗಡಿಯ ಹಿಂದೆ ತೋರಿಸಿತು. "ಮಷಿನ್ನು ಸುಳ್ಳು ಹೇಳಲ್ಲ" ಎಂದ ಅವನು. ಗುಡ್ಡದ ಏರು ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಪಟ್ಟಿಯಲ್ಲಿ ಗುಡ್ಡ ಇಲ್ಲ, ಏರು ಇಲ್ಲ. ಅಂಕಿ ಯಾರಿಗೂ ಸೇರಿದ್ದಲ್ಲ ಎಂದಮೇಲೆ ತನಗೇ ಯಾಕೆ ಸೇರಬಾರದು ಎಂದು ಒಬ್ಬೊಬ್ಬರಿಗೂ ಅನ್ನಿಸಿತು. ಕುಮಾರ ಒಬ್ಬನೇ "ಗುಡ್ಡಕ್ಕೆ, ಗುಡ್ಡಕ್ಕೆ" ಎಂದು ಕೂಗಿದ. ಅವನ ಕೂಗು ಆ ಗಲಾಟೆಯಲ್ಲಿ ಮುಳುಗಿತು. ಮಂಜುನಾಥರಿಗೆ ಫೋನು ಮಾಡಿದರೆ ಅವರು ಜಿಲ್ಲಾ ಮೀಟಿಂಗಿನಲ್ಲಿದ್ದರು, ಫೋನು ಆಫ್.

"ನೀರಿನ ಮೇಲೆ ಕಾಂಕ್ರೀಟ್ ಹಾಕಕ್ಕಾಗಲ್ಲ," ಎಂದ ಸೂಪರ್‌ವೈಸರು. "ವರ್ಷ ಮುಗೀತಾ ಬಂತು. ಇವತ್ತು ಕೆಲಸ ಶುರುವಾದ ಫೋಟೋ ಹೋಗ್ಲಿಲ್ಲ ಅಂದ್ರೆ ದುಡ್ಡು ವಾಪಸ್. ಊರಿನವರು ಯಾರಾದ್ರೂ ಒಬ್ರು, ಇದೇ ಜಾಗ ಅಂತ ನಿಂತು ಫೋಟೋ ಕೊಡಿ, ಗುರುತು ಹೇಳಿ. ಇಲ್ಲ, ಜಲ್ಲಿ ತಿರುಗಿಸ್ಕೊಂಡು ಹೋಗ್ತೀನಿ."

ಯಾರೂ ಮುಂದೆ ಬರಲಿಲ್ಲ. ಹೆಸರು ಬೇಕೆಂದು ಕಿರುಚಿದವರಿಗೆಲ್ಲ ಫೋಟೋ ಎಂದ ಕೂಡಲೇ ಹೆಗಡೆಯ ಹಳೆಯ ಪಾಡು ನೆನಪಾಗಿತ್ತು. ಹೆಗಡೆ ಗಿರಣಿಯೊಳಗೆ ಕಂಬದ ಹಿಂದೆ ನಿಂತಿದ್ದ. ಅವನಂತೂ ಹೊರಗೆ ಬರುವ ಪ್ರಶ್ನೆಯೇ ಇರಲಿಲ್ಲ.

ಆಗ ಅವನಿಗೆ ಕುಮಾರನ ಆಟೋದಲ್ಲಿ ರಂಗಮ್ಮ ಕಂಡಳು. ಕೆಲಸ ಶುರುವಾಗುತ್ತದೆ ಎಂದು ಮಗ ಹೇಳಿದ್ದೇ ತಡ, ಹೊಸನಗರದಿಂದ ಹಟಮಾಡಿ ಹೊರಟು ಬಂದಿದ್ದಳು. ಊರುಗೋಲು ಅಪ್ಪಿಕೊಂಡು ಹಿಂದಿನ ಸೀಟಿನಲ್ಲಿ ಕೂತು, ತನ್ನ ಮನೆಯ ಹಂಚಿನ ತುದಿ ಕಾಣುತ್ತದೋ ಎಂದು ಕುತ್ತಿಗೆ ಚಾಚಿ ನೋಡುತ್ತಿದ್ದಳು. ಸೊರಗಿ ಅರ್ಧ ಆಗಿದ್ದಳು.

"ಹೆಗ್ಡೇರೆ," ಎಂದಳು ಅವನನ್ನು ಕಂಡು. "ಈ ಸಲ ಮುಂದಕ್ಕೆ ಅಂದ್ರೆ ಎತ್ತ ಅಂತ ಕಣ್ಣಾರೆ ನೋಡಾನ ಅಂತ ಬಂದೆ. ಟಿಪ್ಪರು ಯಾಕೆ ಹಿಂದಕ್ಕೆ ತಿರುಗ್ತಾ ಇದೆ?"

ಟಿಪ್ಪರು ನಿಜವಾಗಿಯೂ ತಿರುಗುತ್ತಿತ್ತು. ಹೆಗಡೆ ಕಂಬವನ್ನು ಇನ್ನಷ್ಟು ಅಪ್ಪಿಕೊಂಡ. ಎಷ್ಟು ಕಷ್ಟಪಟ್ಟು ಬಿಡಿಸಿಕೊಂಡ ಹೆಸರು! ಇನ್ನೊಮ್ಮೆ ಆ ಡಬ್ಬಿ ಹುಡುಕಾಟ, ಆ ಗ್ರೈಂಡರು, ಆ ಕೆಸರು. ಅವನು ಕಣ್ಣು ಮುಚ್ಚಿಕೊಂಡ. ತೆರೆದಾಗ ತಾನು ಟಿಪ್ಪರಿನ ಮುಂದೆ ಎರಡೂ ಕೈ ಚಾಚಿ ನಿಂತಿರುವುದು ಅವನಿಗೇ ಆಶ್ಚರ್ಯವಾಗಿ ಕಂಡಿತು.

"ನಿಲ್ಸಿ! ಅದು ನನ್ನ ಮನೆ ಹತ್ರ! ಶ್ಯಾಮ ಹೆಗಡೆ ಮನೆಯಿಂದ ಮುಂದಕ್ಕೆ! ಮುಂದಕ್ಕೆ ಅಂದ್ರೆ ಮೇಲಕ್ಕೆ! ಬರ್ಕಳಿ, ನನ್ನ ಹೆಸರೇ ಬರ್ಕಳಿ!"

"ಕೈ ಹಂಗೇ ಇರಲಿ," ಎಂದು ಸೂಪರ್‌ವೈಸರು ಮೊಬೈಲು ಎತ್ತಿದ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು, ಪಂಚೆ ಅರ್ಧ ಜಾರಿ, ಒಂದು ಕೈ ಗೇರುಗುಡ್ಡದ ಕಡೆಗೆ, ಇನ್ನೊಂದು ಕೈ ಆಕಾಶದ ಕಡೆಗೆ ಚಾಚಿದ ಶ್ಯಾಮ ಹೆಗಡೆಯ ಚಿತ್ರ ಸರ್ಕಾರಕ್ಕೆ ಹೋಯಿತು. ಜಲ್ಲಿ ಏರಿನ ಬುಡಕ್ಕೆ ಬಿತ್ತು. ವಾಸಪ್ಪ ತನ್ನ ಮೊಬೈಲು ಕಿಸೆಗೆ ಹಾಕಿಕೊಂಡು, "ನಾನು ಮೊದಲಿಂದ್ಲೂ ಅದನ್ನೇ ಹೇಳ್ತಿದ್ದೆ" ಎಂದ.

ಕಾಂಕ್ರೀಟಿಗೆ ಹುಲ್ಲು ಹೊದಿಸಿ ನೀರು ಹಾಕಿ, ಅದು ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಕುಮಾರನ ಆಟೋ ರಂಗಮ್ಮನನ್ನು ಕೂರಿಸಿಕೊಂಡು ಏರು ಹತ್ತಿತು. ಗಿರಣಿಯ ಮುಂದೆ ಊರೆಲ್ಲ ನಿಂತು ನೋಡಿತು. ಅರ್ಧ ಏರಿನಲ್ಲಿ ಒಮ್ಮೆ ಕೆಮ್ಮಿದ ಆಟೋ ಮತ್ತೆ ಚೇತರಿಸಿಕೊಂಡಾಗ ಹೆಗಡೆ ತಾನೇ ತಳ್ಳಿದವನ ಹಾಗೆ ಬೆವರು ಒರೆಸಿಕೊಂಡ. ಅಷ್ಟರಲ್ಲಿ ಕಿಸೆಯ ಫೋನು ಹೊಡೆದುಕೊಂಡಿತು. ತೀರ್ಥಹಳ್ಳಿಯಿಂದ ಪ್ರದೀಪ.

"ಎಂತ ಭಾವ, ಮೊದ್ಲು ಬರೀ ಹೆಸ್ರಿತ್ತು. ಈಗ ಫೋಟೋನೂ ಬೈಂದಲಾ! ಇನ್ನಾದ್ರೂ ಒಪ್ಕಂಬ್ರ, ಆ ರಸ್ತೆ ನಿಂಗಳದ್ದೇ ಹೇಳಿ?"

ಮೇಲೆ ಗುಡ್ಡದ ಮನೆಯ ಅಂಗಳದಲ್ಲಿ ಆಟೋ ನಿಂತ ಸದ್ದಾಯಿತು. ರಂಗಮ್ಮ ಕೋಳಿಗಳನ್ನು ಬಾ ಬಾ ಎಂದು ಕರೆಯುವುದು ಕೆಳಗಿನವರೆಗೂ ಕೇಳಿಸಿತು. ಶ್ಯಾಮ ಹೆಗಡೆಗೆ ಜೀವಮಾನದಲ್ಲಿ ಮೊದಲ ಬಾರಿ ಒಂದು ವಿಷಯ ಪೂರ್ತಿಯಾಗಿ ಅರ್ಥವಾಗಿತ್ತು.

"ಹೌದೋ ಪ್ರದೀಪ," ಎಂದ ಅವನು. "ಚರಂಡಿ ವಿಷ್ಯ ಯಂಗೆ ಗೊತ್ತಿಲ್ಲೆ. ಈ ರಸ್ತೆ ಮಾತ್ರ ಯಂದೇಯ."